ಭಾವನ ರೇಡಿಯೋ ಸಮುದ್ರ

ನಮ್ಮ ಭಾವನ ಬಾಯಿಗೆ ಬೀಗ ಹಾಕುವ ಧೈರ್ಯವಿದ್ದವರು ಹಾಕಿ ನೋಡಬಹುದು. ನಿನ್ನನ್ನು ಮಾಡಿದ ಕಮ್ಮಾರ ಯಾವೂರಿನವನು ಎಂದು ಆ ಬೀಗವನ್ನೇ ಕೇಳುವ ಪೈಕಿ ಅವನು!

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊನ್ನಾವರದ ಹೈಸ್ಕೂಲೊಂದರಲ್ಲಿ ಭೂಗೋಳದ ಮಾಸ್ತರ. ಊರಿಗೆಲ್ಲ 'ಮಾಸ್ತರರು', ನನಗೆ ಮಾತ್ರ 'ಅವನು'. ಭಾವನಿಗೆ ಬಹುವಚನ ಕೊಟ್ಟರೆ ಎಂತದೋ ಜಗಳವಾಗಿದೆ ಎಂದು ತಿಳಿಯುವ ಜನ ನಾವು. ಅವನಿಗೆ ನಾನೂ 'ಭಾವಯ್ಯ'ನೇ; ಹೆಂಡತಿಯ ತಮ್ಮನನ್ನು ನಮ್ಮಲ್ಲಿ ಕರೆಯುವುದೇ ಹಾಗೆ. ಅರವತ್ತರ ದಶಕದ ಆರಂಭದಲ್ಲಿ ನನಗೆ ಹೊನ್ನಾವರದ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಊಟ, ವಸತಿ ಅಕ್ಕನ ಮನೆಯಲ್ಲಿ. ಜೊತೆಗೆ ಭಾವನ ಪ್ರಶ್ನೆಗಳು ಬಿಟ್ಟಿ! ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಬಂದು ನಿಲ್ಲುತ್ತಿದ್ದ.

"ಭಾವಯ್ಯ, ಹಲ್ಲು ಕಿತ್ರೆ ನೋವಾಗ್ತು. ಉಗುರು ಕತ್ತರಿಸಿರೆ ಎಂತಕೆ ಆಗ್ತಿಲ್ಲೆ?"

ಬಾಯಿ ತುಂಬ ಇದ್ದಿಲ ಪುಡಿ ಇಟ್ಟುಕೊಂಡವನು ಏನೆಂದು ಉತ್ತರ ಕೊಡಲಿ?

ನಾನಾದರೂ ಬಾಯಿ ಮುಕ್ಕಳಿಸಿ ಪಾರಾಗುತ್ತಿದ್ದೆ. ಪಾಪ, ಕ್ಷೌರದವನಿಗೆ ಆ ದಾರಿಯೂ ಇರಲಿಲ್ಲ. ಒಂದು ದಿನ ಭಾವ ಅವನ ಕತ್ತಿಯ ಕೆಳಗೆ ಕೆನ್ನೆ ಕೊಟ್ಟುಕೊಂಡೇ, "ತಲೆಕೂದಲು ಮೊದಲು ಬೆಳ್ಳಗಾಗ್ತದೆ, ಹುಬ್ಬು ಎಂತಕ್ಕೆ ತಡ ಮಾಡ್ತದೆ?" ಎಂದು ಕೇಳಿಬಿಟ್ಟ. ಕ್ಷೌರದವನು ನಿಷ್ಠಾವಂತ. ಕತ್ತಿ ಕೆಳಗಿಟ್ಟು ಯೋಚಿಸಲು ಕುಳಿತ. ಯೋಚನೆ ಮುಗಿಯುವುದರೊಳಗೆ ಶಾಲೆಯ ಗಂಟೆ ಬಾರಿಸಿತು. ಭಾವ ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ಕಪ್ಪಗೆ ಇಟ್ಟುಕೊಂಡು ತರಗತಿಗೆ ಓಡಿದ. ಭೂಮಿಯ ಅರ್ಧಕ್ಕೆ ಹಗಲು, ಅರ್ಧಕ್ಕೆ ರಾತ್ರಿ ಎಂಬುದು ಅಂದು ಅರ್ಥವಾದಷ್ಟು ಚೆನ್ನಾಗಿ ಮತ್ತೆಂದೂ ಅರ್ಥವಾಗಲಿಲ್ಲ ಎಂದು ಅವನ ವಿದ್ಯಾರ್ಥಿಗಳು ಈಗಲೂ ಹೇಳುತ್ತಾರೆ.

ಇಂಥವನನ್ನು ರೇಡಿಯೋದವರು ಹುಡುಕಿಕೊಂಡು ಬಂದರು ಎಂದರೆ ನಂಬುತ್ತೀರಾ?

ಘಟ್ಟದ ಮೇಲಿನ ರೇಡಿಯೋ ಕೇಂದ್ರದಿಂದ ಶಾಲೆಯ ಮಕ್ಕಳಿಗಾಗಿ ಪಾಠಗಳು ಬರುತ್ತಿದ್ದ ಕಾಲ ಅದು. ಅಲ್ಲಿಯ ಅಧಿಕಾರಿಯೊಬ್ಬರು ನಮ್ಮ ಕಡೆ ಬಂದಾಗ ಭಾವನ ತರಗತಿಯ ಕಿಟಕಿಯಲ್ಲಿ ನಿಂತು ಪಾಠ ಕೇಳಿದರಂತೆ. "ಮಾಸ್ತರ್ರ, ನಮ್ಮ ಬಯಲುಸೀಮಿ ಹುಡುಗ್ರಿಗೆ ಸಮುದ್ರದ ಬಗ್ಗೆ ಒಂದು ಪಾಠ ಹೇಳ್ರಿ. ಒಬ್ಬರೂ ನೋಡಿಲ್ರಿ," ಎಂದರಂತೆ. ಭಾವ ಮನೆಗೆ ಬರುವಾಗ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ಊಟಕ್ಕೆ ಕೂರುವ ಹೊತ್ತಿಗೆ ಚಿಂತೆ ಹತ್ತಿಕೊಂಡಿತು.

"ಭಾವಯ್ಯ, ಸಮುದ್ರ ನೋಡದೇ ಇದ್ದವಂಗೆ ಸಮುದ್ರ ಹೆಂಗೆ ಹೇಳದು?"

"ಪುಸ್ತಕದಲ್ಲಿ ಇದ್ದಲ," ಎಂದೆ. "ಭೂಮಿಯ ಬಹುಭಾಗವನ್ನು ಆವರಿಸಿರುವ ಉಪ್ಪುನೀರಿನ ರಾಶಿ."

"ಥೋ! ಅದು ಉಪ್ಪಿನಕಾಯಿ ಭರಣಿಯ ವರ್ಣನೆ ಆತು!"

ಮರುದಿನದಿಂದ ಹೊನ್ನಾವರ ಪೇಟೆಗೆ ಶನಿ ಹಿಡಿಯಿತು. ಹೊಳೆ ದಾಟಿಸುವ ತಾರಿಯವನನ್ನು ಕೇಳಿದ, ಅಂಚೆಯವನನ್ನು ಕೇಳಿದ. ಕೊನೆಗೆ ಜನ್ಮದಲ್ಲಿ ಮೀನು ಮುಟ್ಟದ ಈ ಮನುಷ್ಯ ಧೋತರದ ಚುಂಗು ಎತ್ತಿಹಿಡಿದು ಮೀನುಪೇಟೆಗೇ ನುಗ್ಗಿದ!

ಬುಟ್ಟಿಯ ಹಿಂದೆ ಕುಳಿತ ಹೆಂಗಸು ಕಣ್ಣರಳಿಸಿದಳು. "ಎಂತಾ ಮಾಸ್ತರೇ, ಬಂಗ್ಡೆ ಕೊಡ್ಲಾ?"

"ಬಂಗ್ಡೆ ಬೇಡ್ವೇ ತಂಗಿ. ಸಮುದ್ರ ಅಂದ್ರೆ ಎಂತದು, ಹೇಳು."

ಅವಳು ಮಾಸ್ತರನ ಮುಖವನ್ನು ಒಮ್ಮೆ, ಪಕ್ಕದ ಬುಟ್ಟಿಯವಳ ಮುಖವನ್ನು ಒಮ್ಮೆ ನೋಡಿ ಹೇಳಿದಳು: "ಸಮುದ್ರ ಅಂದ್ರೆ ಎಂತ ಒಡೆಯಾ? ನಮ್ಮ ಗಂಡಸ್ರು ಮನೇಲಿ ಇಲ್ದೇ ಹೋದಾಗ ಇರೂ ಜಾಗ!"

ಇಡೀ ಪೇಟೆ ಬಿದ್ದು ಬಿದ್ದು ನಕ್ಕಿತು. ಭಾವ ಉತ್ತರವನ್ನು ಬಾಯಿಪಾಠ ಮಾಡುತ್ತ ಮನೆಗೆ ಬರುವುದಕ್ಕಿಂತ ಮೊದಲೇ ಸುದ್ದಿ ಬಂದು ಮುಟ್ಟಿತ್ತು. ಮಾಸ್ತರರು ಮೀನು ತಿನ್ನಲು ಸುರು ಮಾಡಿದ್ದಾರಂತೆ! ಅಕ್ಕ ಒಳಗಿನಿಂದ ಎದ್ದು ಬಂದಳು. ಅವನ ಕೈಚೀಲವನ್ನು ಇಸಿದುಕೊಂಡು, ಒಳಗೆ ಮೂಗಿಟ್ಟು ಒಂದು ದೀರ್ಘ ಉಸಿರು ಎಳೆದಳು. ಚೀಲದಲ್ಲಿದ್ದದ್ದು ಬಸಳೆಸೊಪ್ಪು. ಬಸಳೆಗೆ ಅಷ್ಟು ಗೌರವದ ಪರೀಕ್ಷೆ ಹಿಂದೆಂದೂ ಆಗಿರಲಿಕ್ಕಿಲ್ಲ.

ಭಟ್ಕಳದಲ್ಲಿ ಭಾವನ ಪರಿಚಯದ ನವಾಯತ ಮುಸ್ಲಿಂ ಜವಳಿ ವ್ಯಾಪಾರಿಯೊಬ್ಬರಿದ್ದರು. ಹಡಗಿನಲ್ಲಿ ಕೊಲಂಬೋ ತನಕ ಹೋಗಿಬಂದವರು. ಅವರಿಗಿಂತ ಸಮುದ್ರ ಬಲ್ಲವರು ಯಾರು ಎಂದು ಭಾವ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದ. ಸಾಹೇಬರು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರು. ಭಾವ, "ಸಾಹೇಬರೇ, ನಡುಸಮುದ್ರ ಹೇಗಿರುತ್ತದೆ?" ಎಂದ.

ಸಾಹೇಬರ ಮುಖ ಅವರ ಅಂಗಡಿಯ ಮಲ್ಮಲ್ ಬಟ್ಟೆಯಷ್ಟು ಬಿಳಿಯಾಯಿತು. "ತೋಬಾ ತೋಬಾ! ಹೆಸರು ತೆಗೀಬೇಡಿ ಮಾಸ್ಟರ್ ಸಾಬ್! ಹಡಗು ಹತ್ತಿದವ ಇಳಿಯೂ ತನಕ ಬಕೆಟ್ಟಿನಿಂದ ಮುಖ ಎತ್ತಲಿಲ್ಲ ನಾನು. ಸಮುದ್ರ ಎಲ್ಲಿ ನೋಡಿದೆ? ಬಕೆಟ್ ನೋಡಿದೆ!" ಎಂದವರು ಒಳಗಿನಿಂದ ಲಿಂಬೆಹಣ್ಣು ತರಿಸಿ ಮೂಸತೊಡಗಿದರು.

ಹೀಗೆ ಸಮುದ್ರ ಎಲ್ಲಿಯೂ ಸಿಗದೆ ಧ್ವನಿಮುದ್ರಣದ ದಿನ ಬಂತು. ನಾನು ರಜೆ ಹಾಕಿ ಜೊತೆಗೆ ಹೊರಟೆ. ಬಸ್ಸು ಘಟ್ಟ ಹತ್ತಿ, ಕಾಡು ದಾಟಿ ಬಯಲಿಗೆ ಇಳಿಯಿತು. ಭಾವ ದಾರಿಯುದ್ದಕ್ಕೂ ಪ್ರಶ್ನೆ ಕೇಳಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಜ್ವರವೇನಾದರೂ ಬಂದಿದೆಯೋ ಎಂದು ಹಣೆ ಮುಟ್ಟಲು ಕೈ ಎತ್ತಿದ್ದೆ. ಅಷ್ಟರಲ್ಲಿ ಅವನು ಸೀಟಿನಿಂದ ಎದ್ದು ನಿಂತು, "ಸಿಕ್ಚು ಭಾವಯ್ಯ! ಸಿಕ್ಚು!" ಎಂದು ಕೂಗಿದ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. "ಏನ್ ಕಳದಿತ್ರೀ? ಏನ್ ಸಿಕ್ತು?"

"ಸಮುದ್ರ!" ಎಂದು ಭಾವ ಕಿಟಕಿಯ ಹೊರಗೆ ಕೈ ತೋರಿಸಿದ.

ಬಸ್ಸಿಗೆ ಬಸ್ಸೇ ಬಗ್ಗಿ ನೋಡಿತು. ಹೊರಗೆ ಕಣ್ಣು ಹಾಯುವಷ್ಟು ದೂರ ಜೋಳದ ಹೊಲ. ಗಾಳಿ ಬೀಸಿದಾಗ ಒಂದು ತುದಿ ಬಾಗುತ್ತಿತ್ತು. ಆ ಬಾಗು ಮುಂದಕ್ಕೆ, ಇನ್ನೂ ಮುಂದಕ್ಕೆ ಹೋಗಿ ಆಕಾಶದ ಬುಡದಲ್ಲಿ ಕಾಣೆಯಾಗುತ್ತಿತ್ತು. ಕಂಡಕ್ಟರ್ ನನ್ನ ಕಿವಿಯಲ್ಲಿ, "ಧಾರವಾಡದ ಹುಚ್ಚಾಸ್ಪತ್ರಿಗೆ ಹೊಂಟೀರೇನ್ರೀ?" ಎಂದು ಮೆಲ್ಲಗೆ ಕೇಳಿದ. ಅಲ್ಲ, ರೇಡಿಯೋದಲ್ಲಿ ಮಾತಾಡಲು ಎಂದೆ. ಅವನಿಗೆ ಎರಡರ ನಡುವಿನ ವ್ಯತ್ಯಾಸ ತಿಳಿದಂತೆ ಕಾಣಲಿಲ್ಲ.

ಸ್ಟುಡಿಯೋದ ಕೋಣೆಯಲ್ಲಿ ಗೋಡೆಗೆಲ್ಲ ತೂತು ತೂತಿನ ಹಲಗೆ. ಬಾಗಿಲು ಹಾಕಿದರೆ ನಮ್ಮ ಉಸಿರೇ ನಮಗೆ ಜೋರಾಗಿ ಕೇಳುವಷ್ಟು ಮೌನ. ಭಾವನನ್ನು ಮೈಕಿನ ಮುಂದೆ ಕೂರಿಸಿ, ಕೆಂಪು ದೀಪ ಹತ್ತಿದ ಕೂಡಲೇ ಸುರು ಮಾಡಬೇಕೆಂದು ಹೇಳಿ ಅಧಿಕಾರಿಗಳು ಗಾಜಿನ ಆಚೆ ಹೋದರು. ನಾನೂ ಅವರ ಪಕ್ಕದಲ್ಲಿ ನಿಂತೆ. ದೀಪ ಹತ್ತಿತು.

"ಮಕ್ಕಳೇ, ಸಮುದ್ರ ಎಂದರೇನು? ಯಾರು ಹೇಳುತ್ತೀರಿ?" ಎಂದ ಭಾವ. ಎಂದವನು ಸುಮ್ಮನೆ ಕುಳಿತ.

ಉತ್ತರಕ್ಕೆ ಕಾಯುತ್ತಿದ್ದ! ಮೈಕನ್ನು ಪ್ರೀತಿಯಿಂದ ನೋಡುತ್ತ, ಹೇಳು ಮರಿ, ಹೆದರಬೇಡ ಎಂಬಂತೆ ತಲೆಯಾಡಿಸುತ್ತಿದ್ದ! ಟೇಪು ತಿರುಗುತ್ತಲೇ ಇತ್ತು. ಅಧಿಕಾರಿಗಳಿಗೆ ಬೆವರು ಕಿತ್ತುಬಂದಿತು. ಮುಂದುವರಿಸಿ ಎಂದು ಹೇಳಲು ಗಾಜಿನ ಆಚೆಯಿಂದ ಬೆರಳೆತ್ತಿ ಆಡಿಸಿದರು. ಬೆರಳೆತ್ತಿದವರನ್ನು ಕಂಡರೆ ಮಾಸ್ತರನಾದವನಿಗೆ ಹೊಳೆಯುವುದು ಒಂದೇ ಅರ್ಥ. ಭಾವ ಗಂಭೀರವಾಗಿ, ಮೈಕಿನಲ್ಲಿ, ಸ್ಪಷ್ಟವಾದ ಉಚ್ಚಾರದಲ್ಲಿ ಹೇಳಿದ:

"ಹೋಗಿ ಬಾ. ಬೇಗ ಬರಬೇಕು."

ಆ ಟೇಪನ್ನು ಅಳಿಸಿ ಮತ್ತೆ ಸುರು ಮಾಡಬೇಕಾಯಿತು. ಎರಡನೆಯ ತಕರಾರು ಸಮುದ್ರದ ಸಪ್ಪಳದ್ದು. ಕೇಂದ್ರದಲ್ಲಿ ಅದಕ್ಕೊಂದು ಪರದೇಶದ ಗ್ರಾಮಫೋನ್ ತಟ್ಟೆ ಇತ್ತು. ಭಾವ ಕಿವಿಗೊಟ್ಟು ಕೇಳಿ, "ಇದು ನಮ್ಮ ಸಮುದ್ರ ಅಲ್ಲ," ಎಂದ.

"ಸಮುದ್ರಕ್ಕ ನಮ್ದು ನಿಮ್ದು ಅಂತ ಇರ್ತೈತೇನ್ರೀ ಮಾಸ್ತರ್ರ?"

"ಇದರಲ್ಲಿ ಯಾವುದೋ ಇಂಗ್ರೇಜಿ ಹಕ್ಕಿ ಕೂಗ್ತಾ ಇದೆ. ನಮ್ಮ ತೀರದಲ್ಲಿ ಕೂಗೂದು ಕಾಗೆ!"

ಕಡೆಗೆ ಭಾವನೇ ಬಾಯಿಂದ ಸಮುದ್ರವಾದ. 'ಹೋ' ಎಂದು ದೂರದಿಂದ ಏರಿ ಬಂದು, ಒಡೆದು, 'ಶ್ಶ್ಶ್' ಎಂದು ಹಿಂದೆ ಸರಿದ. ನಡುವೆ ಒಂದು ಕಾಗೆಯನ್ನೂ ಕೂಗಿಸಿದ. ನಗುತ್ತಿದ್ದ ಅಧಿಕಾರಿಗಳು ಆ ಪರದೇಶದ ತಟ್ಟೆಯನ್ನು ಎತ್ತಿಟ್ಟರು. ಅಷ್ಟು ಚೆನ್ನಾಗಿತ್ತು.

ಪ್ರಸಾರದ ದಿನ ಪಕ್ಕದ ಮನೆಯ ಪೋಸ್ಟ್‌ಮಾಸ್ತರರ ಜಗಲಿ ಭರ್ತಿಯಾಯಿತು. ಓಣಿಯಲ್ಲಿ ರೇಡಿಯೋ ಇದ್ದದ್ದು ಅವರಲ್ಲಿ ಮಾತ್ರ. ಗಂಡಸರು ಜಗಲಿಯಲ್ಲಿ, ಹೆಂಗಸರು ಬಾಗಿಲ ಒಳಗೆ. ಅಕ್ಕ ಅರೆಯುವ ಕಲ್ಲಿನಿಂದ ಎದ್ದವಳು ಅರಿಶಿನದ ಕೈಯಲ್ಲೇ ಬಂದು ಕುಳಿತಿದ್ದಳು. ಪೆಟ್ಟಿಗೆಯೊಳಗಿಂದ ಭಾವನ ದನಿ ಬಂತು. "ಮಕ್ಕಳೇ, ನಿಮ್ಮೂರ ಜೋಳದ ಹೊಲ ಗೊತ್ತಲ್ಲ? ಅದಕ್ಕೆ ಬದುವೇ ಇಲ್ಲ ಎಂದುಕೊಳ್ಳಿ. ಎಲ್ಲಿಯೂ ಮುಗಿಯುವುದಿಲ್ಲ. ಗಾಳಿ ಬೀಸಿತು. ಇಡೀ ಹೊಲ ಎದ್ದು ನಿಮ್ಮ ಕಾಲಿನ ತನಕ ಓಡಿಬಂತು..." ತೆರೆ ಬಂತು, ಹೋಯಿತು, ಕಾಗೆ ಕೂಗಿತು. ಪಾಠ ಮುಗಿದಾಗ ಪೋಸ್ಟ್‌ಮಾಸ್ತರರು ಎದ್ದು ಭಾವನ ಕೈ ಕುಲುಕಿದರು. ಭಾವ ಅವರಿಗೆ, "ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ನನ್ನ ದನಿ ಎಂತಕ್ಕೆ ದಪ್ಪ ಆತು?" ಎಂದ.

ಆ ಸಂಜೆ ನಾವಿಬ್ಬರೂ ಅವಲಕ್ಕಿ ತಿನ್ನುತ್ತಿದ್ದೆವು. ಅಕ್ಕ ಮೊಸರು ಬಡಿಸುತ್ತ ಮೆಲ್ಲಗೆ ಕೇಳಿದಳು.

"ಅಲ್ದಾ, ಆ ತೆರೆ ಬಂದದ್ದು ಹಿಂದೆ ಹೋಗ್ತು ಹೇಳಿದ್ರಲ್ಲ, ಪೂರಾ ಹೋಗ್ತಾ? ಅಲ್ಲ, ಸ್ವಲ್ಪ ನೀರು ಅಲ್ಲೇ ಉಳಿತಾ?"

"ಒಳ್ಳೇ ಪ್ರಶ್ನೆ!" ಎಂದು ಭಾವ ಉಮೇದಿನಿಂದ ಕೈ ಎತ್ತಿದ. ಎತ್ತಿದ ಕೈ ಹಾಗೆಯೇ ನಿಂತಿತು. "ನೀ... ಸಮುದ್ರ ನೋಡಿದ್ದಿಲ್ಯ?"

"ಆನು ಎಲ್ಲಿ ನೋಡವು?" ಎಂದಳು ಅಕ್ಕ, ಕೊರಗೇನೂ ಇಲ್ಲದ ದನಿಯಲ್ಲಿ. "ಅಪ್ಪನ ಮನೆ ಸಂತೆಗುಳಿಯಿಂದ ಬಪ್ಪಕಾರೆ ದಾರೀಲಿ ಹೊಳೆ ನೋಡಿದ್ದೆ. ಆ ಹೊಳೆ ಕಡೆಗೆ ಎಲ್ಲಿಗೆ ಹೋಗ್ತು ಹೇಳಿ ನೋಡಿದ್ನಿಲ್ಲೆ. ಮಳೆಗಾಲದಲ್ಲಿ ಸಮುದ್ರದ ಅಬ್ಬರ ಇಲ್ಲೀವರೆಗೂ ಕೇಳ್ತು. ನೀವು ಇವತ್ತು ರೇಡಿಯೋದಲ್ಲಿ ಮಾಡಿದ್ದು ಥೇಟ್ ಹಾಂಗೇ ಇತ್ತು."

ಮದುವೆಯಾಗಿ ಬಂದು ಎಷ್ಟೋ ವರ್ಷವಾಗಿತ್ತು. ಸಮುದ್ರ ಇದ್ದದ್ದು ಹೊಳೆಯಾಚೆಯ ಕಾಸರಕೋಡಿನಲ್ಲಿ. ಅತ್ತೆಯ ಕಾಯಿಲೆ, ಮಕ್ಕಳ ಬಾಣಂತನ, ಬಂದವರ ಊಟ, ಇವುಗಳ ನಡುವೆ ಸುಮ್ಮನೆ ನೀರು ನೋಡಲು ಯಾವ ಮನೆಯ ಹೆಂಗಸು ಹೊರಡುತ್ತಿದ್ದಳು? ಭಾವ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

ಭಾನುವಾರ ದೋಣಿಯಲ್ಲಿ ಹೊಳೆ ದಾಟಿದೆವು. ಭಾವ ಮುಂದೆ, ಅಕ್ಕ ಹಿಂದೆ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕೊನೆಗೆ. ಗಾಳಿಮರಗಳ ಸಾಲು ದಾಟಿದ್ದೇ ಅಕ್ಕ ನಿಂತುಬಿಟ್ಟಳು. ಆಮೇಲೆ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ನೀರಿನ ಕಡೆ ನಡೆದಳು. ಒಂದು ತೆರೆ ಬಂದು ಪಾದ ಮುಚ್ಚಿ ಹಿಂದೆ ಸರಿಯಿತು. ಅಕ್ಕ ಚೀರಿ ಭಾವನ ತೋಳು ಹಿಡಿದುಕೊಂಡಳು.

"ಅಯ್ಯೋ! ಕಾಲಡಿಗಿನ ಮಳಲು ಓಡ್ತಾ ಇದ್ದು! ಇದನ್ನ ರೇಡಿಯೋದಲ್ಲಿ ಹೇಳಿದ್ದೇ ಇಲ್ಲೆ ನೀವು!"

"ಇಲ್ಲೆ," ಎಂದ ಭಾವ. "ಮತ್ತೆಂತ ಕಾಣ್ತು? ಹೇಳು."

ಅವಳು ಹೇಳತೊಡಗಿದಳು. ನೊರೆ ಮೊಸರು ಕಡೆದ ಹಾಂಗೆ ಇದ್ದು, ಅಂಚಿನಲ್ಲಿ ನೀರು ಕೆಂಪು, ದೂರದಲ್ಲಿ ಬೇರೆ ಬಣ್ಣ, ಆ ದೋಣಿ ಮುಳುಗ್ತಾ ಇದ್ದಾ ಅಲ್ಲ ನಿಂತಿದ್ದಾ... ಮನೆಯಲ್ಲಿ ಬೇಕಾದಷ್ಟೇ ಮಾತಾಡುತ್ತಿದ್ದ ನನ್ನ ಅಕ್ಕ ನಿಲ್ಲಿಸದೆ ಹೇಳುತ್ತಿದ್ದಳು. ಭಾವ ಧೋತರ ಮೊಣಕಾಲಿನ ತನಕ ಒದ್ದೆಯಾದದ್ದನ್ನೂ ಗಮನಿಸದೆ ಅವಳ ಮುಖವನ್ನೇ ನೋಡುತ್ತ ಕೇಳಿಸಿಕೊಳ್ಳುತ್ತಿದ್ದ. ಅವಳು ಹಿಡಿದ ತೋಳನ್ನು ಬಿಡಿಸಿಕೊಳ್ಳಲಿಲ್ಲ. ಅತ್ತಿತ್ತ ಜನ ಇದ್ದರೂ ಬಿಡಿಸಿಕೊಳ್ಳಲಿಲ್ಲ.

ಹೊತ್ತು ಇಳಿಯಿತು. ಗಾಳಿಮರಗಳ ಆಚೆಯಿಂದ ದೋಣಿಯವನು ಕೊನೆಯ ಸಲ ಕೂಗಿದ. ಹೊರಡೋಣ ಎನ್ನಲು ಹತ್ತಿರ ಹೋದೆ. ಭಾವ ತಿರುಗದೆಯೇ ಮೆಲ್ಲಗೆ ಹೇಳಿದ:

"ಭಾವಯ್ಯ, ನೀ ಹೋಗಿ ದೋಣಿ ನಿಲ್ಸು. ಅವಳು ಇನ್ನೂ ನೋಡಿ ಮುಗಿದಿಲ್ಲೆ."