ಸೋಮಲಿಂಗಪ್ಪನವರ ಸ್ಪ್ಯಾನಿಷ್ ಬಾಯಿಪಾಠ

ಸ್ಪೇನ್ ದೇಶಕ್ಕೆ ಹೊರಟವರು ಮೊದಲು ಯಾವ ಮಾತು ಕಲಿಯಬೇಕು? ರಾಜಾಜಿನಗರದ ಸೋಮಲಿಂಗಪ್ಪನವರನ್ನು ಕೇಳಿದ್ದರೆ "ಸ್ಟೇಷನ್ ಎಲ್ಲಿದೆ?" ಎನ್ನುತ್ತಿದ್ದರು. ಆದರೆ ಅವರ ಮನೆಯಲ್ಲಿ ಅವರನ್ನು ಕೇಳುವವರು ಯಾರು?

ಅವರು ಕೆಲಸಕ್ಕಿದ್ದ ಕಾರ್ಖಾನೆಗೆ ಸ್ಪೇನಿನಿಂದ ಹೊಸ ಯಂತ್ರ ಬರುವುದಿತ್ತು. ಅದರ ಕೆಲಸ ಕಲಿಯಲು ಒಬ್ಬರನ್ನು ಆರು ತಿಂಗಳು ಅಲ್ಲಿಗೆ ಕಳಿಸುವುದೆಂದೂ, ಆ ಭಾಷೆಯಲ್ಲಿ ನಾಲ್ಕು ಮಾತು ಬಲ್ಲವರಿಗೇ ಹಡಗಿನ ಟಿಕೆಟ್ ಎಂದೂ ಮ್ಯಾನೇಜರು ಸಾರಿದ್ದರು. ಸೋಮಲಿಂಗಪ್ಪನವರು ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ ತಡಕಾಡಿ ಪ್ರವಾಸಿಗರ ಹಳೇ ಪದಪುಸ್ತಕವೊಂದನ್ನು ತಂದರು. ಉಣ್ಣೆಯ ಕೋಟೂ ಹೊಲಿಸಿದರು. ಸಮುದ್ರಯಾನಕ್ಕೆ ಸನ್ನದ್ಧರಾದ ಮಹಾಪುರುಷರ ಹಾಗೆ ಬೀದಿಯಲ್ಲಿ ಎದೆಯುಬ್ಬಿಸಿ ನಡೆಯತೊಡಗಿದರು. (ಹಾಲಿನವಳು ಪಕ್ಕಕ್ಕೆ ಸರಿಯುತ್ತಿದ್ದಳು. ಗೌರವಕ್ಕಲ್ಲ, ಇವರು ಮುಂದೆ ನೋಡದೆ ಬರುತ್ತಿದ್ದರಲ್ಲ, ಅದಕ್ಕೆ.)

"ದಿನಾ ಲಿಂಗಪೂಜೆ ಮಾಡೋ ಮೈ ಇದು," ಎಂದರು ಹೆಂಡತಿ ಗಿರಿಜಾದೇವಿ. "ಮೊದ್ಲು ಮಾಂಸ ಬೇಡ ಅನ್ನೋದು ಕಲೀರಿ."

"ಅಲ್ವೇ, ದಾರಿ ತಪ್ಪಿಸ್ಕೊಂಡ್ರೆ?"

"ದಾರೀನ ಕೈಸನ್ನೆ ಮಾಡಿ ಕೇಳ್ಬಹುದು ಕಣ್ರೀ. ಕೋಳಿ ತಟ್ಟೆಗೆ ಬಿದ್ಮೇಲೆ ಯಾವ ಸನ್ನೆ ಮಾಡ್ತೀರಿ? ಇದು ಬಾಯಿಗೆ ಬರೋವರ್ಗೂ ಹಡಗೂ ಇಲ್ಲ, ಕಾಫೀನೂ ಇಲ್ಲ."

ಹಡಗಾದರೆ ತಡವಾದೀತು, ಕಾಫಿಗೆ ಕಾಯಲಾದೀತೆ? ಮಾರನೆಯ ದಿನದಿಂದಲೇ ಮಗ್ಗಿಯ ಧಾಟಿಯಲ್ಲಿ, "ನೋ ಕಾರ್ನೆ, ನೋ ಪೆಸ್ಕಾದೊ, ನೋ ಪೊಯೊ, ನೋ ವೆವೊ, ನೋ ವಿನೊ!" ಎಂದು ಪಾರಾಯಣ ಶುರುವಾಯಿತು. ಮಾಂಸ ಬೇಡ, ಮೀನು ಬೇಡ, ಕೋಳಿ ಬೇಡ, ಮೊಟ್ಟೆ ಬೇಡ, ಹೆಂಡ ಬೇಡ. ಪುಸ್ತಕದ ಮಿಕ್ಕ ಪುಟಗಳ ಮುಖವನ್ನು ಅವರು ನೋಡಲೇ ಇಲ್ಲ.

ಕೊನೆಗೆ ಆಳು ಆರಿಸಲು ಸ್ಪೇನಿನ ಇಂಜಿನಿಯರೇ ಬಂದಿಳಿದರು. ಕಾರ್ಖಾನೆಯಲ್ಲಿ ಆ ಭಾಷೆಗೆ ಬಾಯಿ ಹಾಕಿದವರು ಸೋಮಲಿಂಗಪ್ಪನವರೊಬ್ಬರೇ ಆದ್ದರಿಂದ ಮ್ಯಾನೇಜರು ಭಾನುವಾರ ಅವರನ್ನು ಇವರ ಮನೆಗೇ ಊಟಕ್ಕೆ ಕರೆತಂದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ. ಸಾಹೇಬರು ತಲೆಯೆತ್ತದೆ ಉಂಡರು. ಆಮೇಲೆ ಬಾಯಿ ಒರೆಸಿಕೊಂಡು ತಮ್ಮ ಭಾಷೆಯಲ್ಲಿ ಏನೋ ಕೇಳಿದರು.

ಒಂದಕ್ಷರ ಅರ್ಥವಾಗಿದ್ದರೆ ಕೇಳಿ! ಆದರೂ ಸೋಮಲಿಂಗಪ್ಪನವರು ಅಂಜಲಿಲ್ಲ. ಎದ್ದು ನಿಂತು, ಕಣ್ಣು ಮುಚ್ಚಿ, "ನೋ ಕಾರ್ನೆ"ಯಿಂದ "ನೋ ವಿನೊ"ವರೆಗೆ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು. ಸಾಹೇಬರ ಕಣ್ಣು ಅಗಲವಾಯಿತು. ಎದ್ದು ಬಂದು ಗಟ್ಟಿಯಾಗಿ ತಬ್ಬಿಕೊಂಡರು. ಅಬ್ಬಾ, ಗೆದ್ದೆ! ಸೋಮಲಿಂಗಪ್ಪನವರ ಕಿವಿಯಲ್ಲಿ ಆಗಲೇ ಹಡಗು ಕೂಗುತ್ತಿತ್ತು.

ಸಾಹೇಬರು ಹರುಕು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಮ್ಯಾನೇಜರು ಕೈ ಕುಲುಕಿದರು. "ಭೇಷ್ ಸೋಮಲಿಂಗಪ್ಪ! ನಿಮ್ಮ ಸ್ಪ್ಯಾನಿಷ್ ಬಹಳ ಸ್ಪಷ್ಟವಾಗಿದೆಯಂತೆ."

"ಹಡಗು ಯಾವತ್ತು ಸಾರ್?"

"ಹಡಗೆಲ್ರೀ ಬಂತು? ನೀವು ಬೇಡ ಅಂದಿದ್ದನ್ನೆಲ್ಲ ಬಿಟ್ರೆ ಅವರೂರಲ್ಲಿ ಊಟಕ್ಕೇ ಏನೂ ಸಿಗಲ್ವಂತೆ. ಆರು ತಿಂಗಳು ಉಪವಾಸ ಕೆಡವಿದ ಪಾಪ ತನಗೆ ಬೇಡ, ತಾನೇ ಇಲ್ಲಿದ್ದು ಕಲಿಸ್ತೀನಿ ಅಂತಾರೆ. ಆದ್ರೆ ಎರಡು ಹೊತ್ತಿನ ಊಟ ನಿಮ್ಮನೇಲೇ ಆಗ್ಬೇಕಂತೆ."

ಸೋಮಲಿಂಗಪ್ಪನವರು ಕುಸಿದು ಕೂತರು. ಅಷ್ಟರಲ್ಲಿ ಗಿರಿಜಾದೇವಿ ಗೆದ್ದ ಮುಖದಲ್ಲಿ ಬಿಸಿ ರೊಟ್ಟಿ ಹಿಡಿದು ಬಂದರು.

"ರೀ, ಇನ್ನೊಂದು ಹಾಕ್ಲಾ ಅಂತ ಕೇಳ್ರೀ ಅವ್ರನ್ನ. ನಿಮಗೆ ಭಾಷೆ ಬರುತ್ತಲ್ಲ!"

ಸೋಮಲಿಂಗಪ್ಪನವರು ಪದಪುಸ್ತಕ ಹುಡುಕಲು ಎದ್ದರು. ಸಾಹೇಬರು ಅವರಿಗಾಗಿ ಕಾಯದೆ ತಟ್ಟೆ ಚಾಚಿದರು.