ಕಂಡಕ್ಟರ್ ಮಾವನ ಕ್ಯೂಬಾ

ನಮ್ಮ ಸೋದರಮಾವ ಕ್ಯೂಬಾ ದೇಶ ನೋಡಿಲ್ಲ. ಈ ಮಾತನ್ನು ದಯವಿಟ್ಟು ಅವರೆದುರು ಮಾತ್ರ ಆಡಬೇಡಿ! "ನೋಡಿಲ್ಲಂದ್ರ ಏನಾತಲೇ? ನಮ್ಮವ್ವ ತಿರುಪತಿ ತಿಮ್ಮಪ್ಪನ್ನ ನೋಡಿದ್ಲೇನು? ದಿನಾ ಕೈ ಮುಗೀತಿದ್ದಿಲ್ಲೇನು?" ಎಂದು ಮೈಮೇಲೆ ಬರುತ್ತಾರೆ.

ಮಾವ ರಾಯಚೂರು–ದೇವದುರ್ಗ ಬಸ್ಸಿನ ಕಂಡಕ್ಟರಾಗಿದ್ದವರು. ಯಾರೋ ಪುಣ್ಯಾತ್ಮ ಕ್ಯೂಬಾ ಕ್ರಾಂತಿಯ ಬಗೆಗಿನ ರಟ್ಟು ಹರಿದ ಪುಸ್ತಕವೊಂದನ್ನು ಸೀಟಿನ ಮೇಲೆ ಬಿಟ್ಟು ಇಳಿದುಹೋದ. ವಾರಸುದಾರರು ಬರಲಿಲ್ಲ. ಮಾವ ಓದಿದರು, ಕೆಟ್ಟರು! ಅಂದಿನಿಂದ ಟಿಕೆಟ್ ಹರಿಯುತ್ತಲೇ ಪ್ರವಚನ ಶುರು. ಆ ಪುಟ್ಟ ದ್ವೀಪದವರು ಸರ್ವಾಧಿಕಾರಿಯನ್ನು ಓಡಿಸಿದ್ದು, ಉಳುವವನಿಗೆ ಭೂಮಿ ಸಿಕ್ಕಿದ್ದು, ಬಡವರಿಗೆ ಪುಕ್ಕಟೆ ಡಾಕ್ಟರು ಬಂದದ್ದು, ಮಗ್ಗುಲ ದೊಡ್ಡ ದೇಶ ಅಮೆರಿಕಕ್ಕೆ ತಲೆಬಾಗದೆ ನಿಂತದ್ದು. ಪ್ರಯಾಣಿಕರು ತಪ್ಪಿಸಿಕೊಂಡು ಎಲ್ಲಿಗೆ ಹೋದಾರು? ಬಾಗಿಲಲ್ಲಿ ನಿಂತವರೇ ಮಾವ!

ಒಮ್ಮೆ ಅರಕೇರಾದ ಅಜ್ಜಿಯೊಬ್ಬಳು ಮಡಿಲಲ್ಲಿ ಕೋಳಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳಂತೆ.

"ಯಪ್ಪಾ, ಅಷ್ಟು ಚಲೋ ಊರಂತಿ. ಅರಕೇರಾಕ್ಕಿಂತ ಮೊದಲ ಬರ್ತದೋ, ಆಮ್ಯಾಲೋ?"

"ಭಾಳ ಆಮ್ಯಾಲ ಬರ್ತದವ್ವಾ."

"ಹಂಗಾದ್ರ ಬ್ಯಾಡ ಬಿಡು. ಕೋಳಿ ಬಿಸಲು ತಡಿಯಂಗಿಲ್ಲ!"

ಈ ಹುಚ್ಚಿಗೆ ಒಂದು ಕಾರಣವೂ ಉಂಟು. ದೇಶವೆಲ್ಲ ಬಾವುಟ ಹಾರಿಸಿದ ಮೇಲೂ ನಮ್ಮ ರಾಯಚೂರು ಸೀಮೆ ಒಂದು ವರ್ಷ ನಿಜಾಮನ ಕೈಯಲ್ಲೇ ಉಳಿದಿತ್ತಲ್ಲ, ಆಗ ನಮ್ಮಜ್ಜ, ಅಂದರೆ ಮಾವನ ತಂದೆ, ಕುರಿ ಕಾಯುವ ನೆಪದಲ್ಲಿ ಅಡಗಿದ್ದ ಹೋರಾಟಗಾರರಿಗೆ ಕಂಬಳಿಯೊಳಗೆ ರೊಟ್ಟಿ ಸಾಗಿಸಿದವರು. "ನಮ್ಮಪ್ಪನ ರೊಟ್ಟಿ ಅಲ್ಲೀತನಕ ಮುಟ್ಟಿದ್ರ ಕ್ಯೂಬಾ ಇನ್ನೊಂದೀಟು ಲಗೂನ ಗೆಲ್ತಿತ್ತು" ಎಂಬುದು ಮಾವನ ಇತಿಹಾಸಜ್ಞಾನ.

ಮನೆಯಲ್ಲೂ ಅದೇ ಕತೆ. ಪಕ್ಕದ ಮೂರಂತಸ್ತಿನ ಮನೆಗೆ ಅವರಿಟ್ಟ ಹೆಸರು ಅಮೆರಿಕ. ಅತ್ತೆ ಸಿಟ್ಟಾಗಿ ಚಹಾ ನಿಲ್ಲಿಸಿದರೆ ಅದು ಕ್ಯೂಬಾದ ಮೇಲೆ ಹೇರಿದಂಥ ಆರ್ಥಿಕ ದಿಗ್ಬಂಧನ! ಎರಡು ತಾಸು ಸ್ವಾಭಿಮಾನದಿಂದ ಬಿಗಿದುಕೊಂಡು ಕೂತು, ಮೂರನೆಯ ತಾಸಿಗೆ ಮೆಲ್ಲಗೆ ಅಮೆರಿಕಕ್ಕೇ ಹೋಗಿ ಚಹಾ ಕುಡಿದು ಬರುತ್ತಿದ್ದರು.

ಅತ್ತೆ ಮಾನ್ವಿ ತಾಲೂಕಿನ ಮಲ್ಲಟದವರು. ಶಾಲೆಯ ಕಟ್ಟೆ ಹತ್ತಿದವರಲ್ಲ. ಅವರನ್ನು ಕಾಡಿಸಲು ಮಾವನ ಬಳಿ ಒಂದು ಹಳೆಯ ಮಾತಿತ್ತು. "ನಿಮ್ಮತ್ತಿ ಎಂಥಾಕಿ ಗೊತ್ತದನು? ಕಂಡಕ್ಟರನ ಹೆಂಡ್ತಿ ಆಗಿ, ಹಡದವ್ವ ಸತ್ತಾಗ ಮಣ್ಣಿಗೆ ಹೋಗಾಕೂ ಬಸ್ಸು ತಪ್ಪಿಸಿಕೊಂಡಾಕಿ!" ನಾವು ನಗುತ್ತಿದ್ದೆವು. ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು.

ಮಾವ ನಿವೃತ್ತರಾದ ಮೇಲೆ ಬಸ್ಸಿನ ಪ್ರವಚನ ಮನೆಗೆ ಬಂತು. ಕಳೆದ ಬೇಸಿಗೆಯಲ್ಲಿ ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದರು. ಕ್ರಾಂತಿ ಗೆದ್ದ ಮೇಲೆ ಹರೆಯದವರೆಲ್ಲ ಕಂದೀಲು ಹಿಡಿದು ಹಳ್ಳಿಗಳಿಗೆ ಹೋದರಂತೆ. ಮುದುಕಿಯರಿಗೂ ಅಕ್ಷರ ಕಲಿಸಿದರಂತೆ. ಕೊನೆಯ ಪರೀಕ್ಷೆ ಏನು ಗೊತ್ತೇ? ದೇಶದ ನಾಯಕನಿಗೆ ಸ್ವಂತ ಕೈಯಿಂದ ಒಂದು ಕಾಗದ ಬರೆಯುವುದು! ಹೇಳುತ್ತಾ ಹೇಳುತ್ತಾ ಮಾವ ಕಣ್ಣೊರೆಸಿಕೊಂಡರು.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಆ ಊರಿನ ಮುದುಕ್ಯಾರು ಕಲ್ತರಂತ ನೀವು ಅಳಾಕತ್ತೀರಿ. ನಾ ನಲವತ್ತು ವರ್ಷದಿಂದ ನಿಮ್ಮ ಮುಂದ ಕುಂತೀನಿ. ನಾ ಯಾವ ದೇಶದಾಕಿ ರೀ?"

ದಿಗ್ಬಂಧನ ಇಲ್ಲದಿದ್ದರೂ ಆ ದಿನ ಮಾವ ಚಹಾ ಮುಟ್ಟಲಿಲ್ಲ.

ಮರುದಿನ ರಾಯಚೂರಿನ ತೀನ್ ಕಂದೀಲು ಎಂಬ ಪೇಟೆಗೆ ಹೋಗಿ ಪಾಟಿ, ಬಳಪ, ಜೊತೆಗೊಂದು ಕಂದೀಲು ತಂದರು. "ಮನ್ಯಾಗ ಲೈಟ್ ಅದಲ್ರೀ!" ಎಂದರು ಅತ್ತೆ. "ಕಂದೀಲಿಲ್ದ ಪಾಠ ಹತ್ತಂಗಿಲ್ಲ!" ರಾಯಚೂರಿನ ಮಟಮಟ ಮಧ್ಯಾಹ್ನ, ಉರಿಯುವ ಕಂದೀಲಿನ ಮುಂದೆ ಇಬ್ಬರೂ ಬೆವರು ಸುರಿಸುತ್ತಾ ಕೂತದ್ದನ್ನು ನೋಡಲು ಅಮೆರಿಕದವರೆಲ್ಲ ಮಹಡಿ ಹತ್ತಿದ್ದರು! ಮೂರನೆಯ ದಿನ ಅತ್ತೆಯೇ ಕಂದೀಲು ಆರಿಸಿದರು. ಮಾವ ಪಾಟಿಯ ಮೇಲೆ ಕ್ಯೂಬಾ ಎಂದು ಬರೆದರೆ ಅದನ್ನೂ ಅಳಿಸಿ, "ಮೊದಲ ಮಲ್ಲಟ ಅಂತ ಬರಿಯೂದು ಕಲಿಸ್ರಿ" ಎಂದರು.

ದಸರೆ ಹೊತ್ತಿಗೆ ಪರೀಕ್ಷೆ. ನನ್ನನ್ನು ಸಾಕ್ಷಿಗೆ ಕರೆಸಿದ್ದರು. ನಾಯಕನಿಗೆ ಕಾಗದ ಬರೆಯಬೇಕಲ್ಲ? ಅತ್ತೆ ಒಪ್ಪಲಿಲ್ಲ. "ಆ ಯಪ್ಪ ನನಗ ಗುರ್ತಿಲ್ಲ. ನಿಮಗ ಬರಿತೀನಿ" ಎಂದು ಒಳಗೆ ಹೋಗಿ, ಒಂದು ತಾಸಿನ ಮೇಲೆ ಹಾಳೆ ತಂದುಕೊಟ್ಟರು. ಮಾವ ಕಂಡಕ್ಟರ್ ಗಂಟಲಿನಲ್ಲಿ ಜೋರಾಗಿ ಓದತೊಡಗಿದರು.

"ನಮ್ಮವ್ವ ಸತ್ತ ದಿನ ಬಸ್ಸು ತಪ್ಪಿದ್ದಿಲ್ಲ. ಬೋರ್ಡು ಓದಾಕ ಬರಲಿಲ್ಲ. ಮಲ್ಲಟದ್ದಂತ ತಿಳಿದು ಗುಂಜಹಳ್ಳಿ ಬಸ್ಸು ಹತ್ತಿದೆ. ಕಂಡಕ್ಟರ ಹೆಂಡತಿ ಬೋರ್ಡು ಕೇಳಿದರ ನಿಮ್ಮ ಮರ್ಯಾದಿ ಹೋಗತದಂತ ಯಾರನ್ನೂ ಕೇಳಲಿಲ್ಲ. ಮಲ್ಲಟಕ್ಕ ಹೋಗೂದರಾಗ ಮಣ್ಣು ಮುಗಿದಿತ್ತು. ಅವ್ವನ ಮಾರಿ ನೋಡಲಿಲ್ಲ."

ನನಗೆ ನಮ್ಮ ನಗುವೆಲ್ಲ ನೆನಪಾಗಿ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಪಾಸೋ ಫೇಲೋ, ಹೇಳ್ರಲ್ಲ?" ಎಂದರು ಅತ್ತೆ. ಮಾವ ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು, ಅಷ್ಟೇ.

ಆ ವಾರವೇ ಮೂವರೂ ಮಲ್ಲಟಕ್ಕೆ ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ಮಾವ ಚೀಲ ಹಿಡಿದು ಹಿಂದೆಯೇ ನಿಂತರು. "ನೀನ ನೋಡು" ಎಂದರು. ಅತ್ತೆ ಒಂದೊಂದೇ ಬೋರ್ಡು ಓದುತ್ತಾ ಹೋಗಿ ಒಂದರ ಮುಂದೆ ನಿಂತರು, ಎರಡು ಸಲ ಓದಿಕೊಂಡರು, ತಿರುಗಿ ಕೈ ಮಾಡಿದರು. "ಬರ್ರಿ, ಇದ ಅದ!"

ದಾರಿಯುದ್ದಕ್ಕೂ ಮಾವ ಕ್ಯೂಬಾ ಅನ್ನಲಿಲ್ಲ. ಮಲ್ಲಟದಲ್ಲಿ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಅತ್ತೆಯ ಹಿಂದೆ ಅವರವ್ವನ ಗೋರಿಯ ತನಕ ನಡೆದರು. ಅಲ್ಲಿ ಮಣ್ಣು ಮುಟ್ಟಿ ಹೇಳಿದರು: "ಯವ್ವಾ, ಅಕಿ ತಡ ಮಾಡಲಿಲ್ಲ. ತಡ ಮಾಡಿದಾವ ನಾನು."