ಗಂಗವ್ವ ಗಂಡನಿಗೆ ಹೇಳದೆ ಉಳಿಸಿದ್ದು

ನಿವೃತ್ತನಾದ ಮನುಷ್ಯನ ಕೈಯಲ್ಲಿ ಒಳ್ಳೆಯ ಫೋನೊಂದಿದ್ದರೆ ಅವನನ್ನು ಯಾವ ಕೆಲಸಕ್ಕೂ ಹಚ್ಚಬಹುದು. ಇದನ್ನು ಕಂಡುಹಿಡಿದವರು ಮಾಟುಂಗದ ನಮ್ಮ ಕನ್ನಡ ಸಂಘದವರು. ಊರು ಬಿಟ್ಟು ಮುಂಬಯಿಗೆ ಬಂದ ಹಳಬರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ, ಅವರ ಬದುಕಿನ ಕಥೆಯನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ ಉಳಿಸಿಡಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. "ನೀವೇ ಹೋಗಿ, ನಿಮಗೆ ಚೆನ್ನಾಗಿ ಮಾತಾಡ್ಲಿಕ್ಕೆ ಬರ್ತದೆ" ಎಂದರು ಕಾರ್ಯದರ್ಶಿ. ಕೆಲಸ ಮಾತಾಡುವುದಲ್ಲ, ಕೇಳುವುದು ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನನ್ನ ಹೆಂಡತಿಗೆ ಹೊಳೆದಿರಬೇಕು. ಸುದ್ದಿ ಕೇಳಿ ಬಹಳ ಹೊತ್ತು ನಕ್ಕಳು.

ಮೊದಲು ಹೋದದ್ದು ಆಂಟಾಪ್ ಹಿಲ್‌ನ ಬಸಪ್ಪನವರ ಮನೆಗೆ. ವಿಜಾಪುರದ ಕಡೆಯವರು, ಗೌಂಡಿ ಕೆಲಸ ಮಾಡಿ ಈ ಊರಿನ ಎಷ್ಟೋ ಬಿಲ್ಡಿಂಗುಗಳನ್ನು ಎಬ್ಬಿಸಿದವರು. ನಾನು ಫೋನನ್ನು ಸ್ಟೂಲಿನ ಮೇಲಿಟ್ಟದ್ದೇ ತಡ, ಅವರು ಭಾಷಣಕ್ಕೆ ನಿಂತವರಂತೆ ಗಂಟಲು ಸರಿಮಾಡಿಕೊಂಡರು. "ಮುಂಬೈಗೆ ಧೈರ್ಯದಿಂದ ನಾ ಒಬ್ಬನ ಬಂದೆ." ಒಳಗಿನಿಂದ ಅವರ ಹೆಂಡತಿ ಗಂಗವ್ವನ ದನಿ ಬಂತು: "ಮಾವನ ಕೈ ಹಿಡಕೊಂಡು ಅಳಕೋತ ಬಂದ್ರಿ. ನಿಮ್ಮವ್ವನ ಹೇಳ್ಯಾಳ." ಹೀಗೇ ನಡೆಯಿತು. ಅವರು ಕಟ್ಟಿದ ಗೋಡೆಯನ್ನೆಲ್ಲ ಆಕೆ ರೊಟ್ಟಿ ತಟ್ಟುತ್ತಲೇ ಕೆಡವಿದರು. ಕೊನೆಗೆ ಸೋತ ಬಸಪ್ಪ, "ಹಂಗಾರ ನೀನ ಹೇಳವಾ" ಎಂದು ಗೋಡೆಗೆ ಒರಗಿದರು.

ಗಂಗವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತರು. ಫೋನು ನೋಡಿದರು, ಗಂಡನ ಮುಖ ನೋಡಿದರು. "ಒಂದು ಮಾತು ಐತ್ರಿ. ಇವರಿಗೂ ಹೇಳಿಲ್ಲ."

ಮದುವೆಯಾಗಿ ಬಂದ ಹೊಸತಂತೆ. ಬಸಪ್ಪನಿಗೆ ಜ್ವರ ಬಂದು ಬಾಯಿ ಕೆಟ್ಟಿತ್ತು; ಪುಂಡಿಪಲ್ಯ ಬೇಕೆಂದು ಮಗುವಿನಂತೆ ಹಟ. ಹಿಂದಿಯಾಗಲಿ ಮರಾಠಿಯಾಗಲಿ ಬಾರದ ಆಕೆ, ಗಂಡ ಮಲಗಿದ್ದಾಗ ಒಬ್ಬಳೇ ಲೋಕಲ್ ಹತ್ತಿ ಬೈಕುಲ್ಲಾ ಮಾರ್ಕೆಟ್ಟಿಗೆ ಹೋದಳು. ಸೊಪ್ಪು ಸಿಗಲಿಲ್ಲ. ವಾಪಸಿನ ದಾರಿಯೂ ತಪ್ಪಿತು. ಒಂದು ಕೈಗಾಡಿಯ ಪಕ್ಕ ಕುಳಿತು "ಯವ್ವಾ, ಎಲ್ಲಿ ಹೋಗ್ಲಿ" ಎಂದು ಅಳುತ್ತಿದ್ದಳು. ಆಗ ಎದುರಿನ ಸ್ಟೋವ್ ರಿಪೇರಿ ಅಂಗಡಿಯಿಂದ ಸಾಬರೊಬ್ಬರು ಎದ್ದು ಬಂದರು. "ಯಾವೂರವ್ವಾ ನಿಂದು? ನಮ್ದು ಕಲಬುರ್ಗಿ ಕಡೆ. ಅಳಬ್ಯಾಡ, ಮನೀಗೆ ನಡಿ, ನಮ್ಮಾಕಿ ಅದಾಳ."

"ಅವರ ಮನ್ಯಾಗ ಎಣ್ಣಿ ಡಬ್ಬಿಯೊಳಗ ಪುಂಡಿ ಬೆಳೆಸಿದ್ರು ನೋಡ್ರಿ! ಇದ್ದದ್ದೆಲ್ಲಾ ಕೊಯ್ದು ನನ್ನ ಉಡ್ಯಾಗ ಹಾಕಿದ್ಲು ಆ ತಾಯಿ. ಅಣ್ಣ ನಮ್ಮ ಓಣಿ ತನಕ ಬಂದು ಬಿಟ್ಟು ಹೋದ. ಹೆಸರು ಕೇಳೋದ ಮರ್ತೆ. ನೀವು ಇದನ್ನ ಇಟ್ಟಿರ್ತೀರಲ್ರಿ? ಅವರ ಮಕ್ಕಳ್ಯಾರರೆ ಕೇಳಿದ್ರ, ಅಪ್ಪ ಅವ್ವ ಎಂಥಾವ್ರಿದ್ರು ಅಂತ ಗೊತ್ತಾಗ್ಲಿ."

ನಾನು, ಎಲ್ಲದಕ್ಕೂ ಬಾಯಿ ಹಾಕುವವನು, ತಲೆಯಾಡಿಸಿದೆ ಅಷ್ಟೆ. ಬಸಪ್ಪ ಗೋಡೆ ಬಿಟ್ಟು ನೆಟ್ಟಗೆ ಕುಳಿತಿದ್ದರು. "ಬಾಜೂ ಮನಿಯವರು ಕೊಟ್ರು ಅಂದಿದ್ದಿ ಅಲ್ಲಾ?"

"ಖರೇ ಹೇಳಿದ್ರ ಮತ್ತ ಹೊರಗ ಬಿಡ್ತಿದ್ರೇನು?"

"ಅಯ್ಯೋ, ಆ ಪುಂಡಿ ಋಣಕ್ಕ ಆ ಬಾಜೂ ಮನಿ ಜಗಳಗಂಟನ ಮುಂದ ಇಷ್ಟ್ ವರ್ಷ ಕೈ ಮುಗಕೋತ ಬಂದ್ನೆಲ್ಲೇ!" ಎಂದರು ಬಸಪ್ಪ. ನಗು ಬಂದದ್ದು ಅವರಿಗೇ ಮೊದಲು. ಆಮೇಲೆ ಕಣ್ಣೊರೆಸಿಕೊಂಡು, "ಭಾಷಾ ಬರದಾಕಿ, ನನ್ನ ಸಲುವಾಗಿ ಅಷ್ಟು ದೂರ ಹೋಗಿದ್ದಿ" ಎಂದರು. ಗಂಗವ್ವ ತಟ್ಟೆ ತಂದು ನಮ್ಮಿಬ್ಬರಿಗೂ ರೊಟ್ಟಿ ಹಾಕಿದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಕೇಳಿಸಿದೆ. ಆಕೆಯ ಕಣ್ಣೂ ತುಂಬಿತು. ಆ ಧೈರ್ಯದ ಮೇಲೆ ಫೋನನ್ನು ಅವಳ ಮುಂದಿಟ್ಟು, "ನೀನೂ ನನಗೆ ಹೇಳದ್ದು ಏನಾದರೂ ಉಂಟಾ?" ಎಂದೆ. ಇಲ್ಲವೆನ್ನುತ್ತಾಳೆಂದು ನನಗೆ ಪೂರ್ತಿ ಭರವಸೆಯಿತ್ತು.

"ಉಂಟು ಮಾರಾಯ್ರೇ, ಬೇಕಾದಷ್ಟು ಉಂಟು," ಎಂದಳು ಅವಳು. "ಆದರೆ ನಿಮಗೆ ಹೇಳುವುದಿಲ್ಲ. ಸಂಘದಿಂದ ಬೇರೆ ಯಾರನ್ನಾದರೂ ಕಳಿಸಿ."